ಬೆದರಿದ ನಾಯಿ, ಅವಿತ ಬೆಕ್ಕು

ಮಂಡ್ಯದ ಸೀಮೆಯಲ್ಲಿ ನಾಯಿಯೊಂದಕ್ಕೆ ಕಲ್ಲು ನೆಟ್ಟು ಪೂಜೆ ಸಲ್ಲಿಸಿದ ದಾಖಲೆ ಸಾವಿರ ವರ್ಷಗಳಿಗೂ ಹಿಂದಿನದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಕಾಲದ ಆ ಶಾಸನವು ತಿಳಿಸುವಂತೆ, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಬಳಿಕ, ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನನ್ನು ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆತನು ಊರುಕೇರಿಗಳನ್ನು ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯನ್ನು ಬೆಳತ್ತೂರಿನ ಬಳಿಯ ಮೊರಡಿಯಲ್ಲಿ ಹೆಬ್ಬಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಪರಸ್ಪರ ಕಾದಾಡಿ ಒಡನೆ ಸತ್ತುವು. ಅದರ ಸ್ಮರಣೆಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ಕಲ್ಲಿಗೆ ಭೂಮಿಯನ್ನು ಬಿಟ್ಟರು. ಅದನ್ನು ಪೂಜಿಸದೆ ಗೊರವನು ಉಣ್ಣಕೂಡದೆಂಬ ಕಟ್ಟಳೆಯನ್ನೂ ಮಾಡಿದರು. ಇದೇ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಭಾವಿಸಿ ಇಂದಿಗೂ ನಡೆದುಕೊಳ್ಳುತ್ತಾರೆ.

ಶೌರ್ಯವುಳ್ಳ ಪ್ರಾಣಿಯನ್ನು ಬೇಡಿ ಪಡೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ನಾನು ಬರೆಯಹೊರಟಿರುವುದು ಯಾರೂ ಬೇಡದ ಪ್ರಾಣಿಗಳನ್ನು ಕುರಿತು. ಪ್ರಾಣಿಗಳ ಆಶ್ರಯಧಾಮವೊಂದಕ್ಕೆ ಹೋದವರು ಇದನ್ನು ಕಂಡೇ ಇರುತ್ತಾರೆ: ಮುಂದಿನ ಗೂಡುಗಳಲ್ಲಿ ಮರಿಗಳು ಸರಳಿಗೆ ಮುಂಗಾಲಿಟ್ಟು ಕುಣಿಯುತ್ತಿರುವಾಗ, ಕೊನೆಯ ಸಾಲಿನಲ್ಲೊಂದು ನಾಯಿ ಬಾಲವನ್ನು ಹೊಟ್ಟೆಯಡಿಗೆ ಸೆಳೆದುಕೊಂಡು, ಗೋಡೆಗೆ ಮುಖವೊತ್ತಿ ಕುಳಿತಿರುತ್ತದೆ, ಹತ್ತಿರ ಹೋದರೆ ತುಟಿಯೆತ್ತಿ ಹಲ್ಲು ತೋರಿಸುತ್ತದೆ. ಬೆಕ್ಕಿನ ಕೋಣೆಯಲ್ಲಿಯೂ ಹಾಗೆಯೇ; ಕಂಬಳಿಯ ಅಡಿಯಲ್ಲಿ ಎರಡು ಕಣ್ಣುಗಳಷ್ಟೇ ಕಾಣುವ ಒಂದು ಜೀವ, ಕೈ ಚಾಚಿದವರಿಗೆ ಬುಸ್ಸೆಂದು ಉಗುರು ಹಾಯಿಸುತ್ತದೆ. ದತ್ತು ಕೊಳ್ಳಲು ಬಂದ ಸಂಸಾರಗಳು ಒಂದು ಕ್ಷಣ ನಿಂತು ನೋಡಿ ಮುಂದೆ ಹೋಗುತ್ತವೆ. ತಪ್ಪೆಂದು ಹೇಳಲಾರೆ, ಮನೆಯಲ್ಲಿ ಮಕ್ಕಳಿರುವವರು ಎಚ್ಚರದಿಂದಿರಬೇಕಾದುದು ಧರ್ಮವೇ. ಆದರೆ ಆ ಹಲ್ಲಿನ ಹಿಂದೆ ಇರುವುದು ಏನೆಂಬುದನ್ನು ತಿಳಿದುಕೊಳ್ಳುವ ಮೊದಲೇ ಮುಖ ತಿರುಗಿಸುವವರೇ ಹೆಚ್ಚಾದುದರಿಂದ ಇಂಥ ಪ್ರಾಣಿಗಳು ವರ್ಷಾನುಗಟ್ಟಲೆ ಸಿಮೆಂಟಿನ ನೆಲದ ಮೇಲೆಯೇ ಮುಪ್ಪಾಗುತ್ತವೆ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಆಶ್ರಯವಿತ್ತ ಊರೆಂದು ಹೆಸರಾದುದು. ಚೋಳದೇಶವನ್ನು ತೊರೆದು ಬಂದ ಶ್ರೀ ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವುದಕ್ಕೆ ಮೊದಲು ಇಲ್ಲಿ ನೆಲೆಸಿದ್ದರೆಂದು ಪರಂಪರೆ ಹೇಳುತ್ತದೆ. ದ್ವಾರಸಮುದ್ರ ಹಾಳಾದ ಮೇಲೆ ಹೊಯ್ಸಳರು ಕೆಲಕಾಲ ಇಲ್ಲಿಗೇ ಬಂದು ಉಸಿರಾಡಿದರೆಂದು ಇತಿಹಾಸಕಾರರು ಬರೆದಿದ್ದಾರೆ. ನಂಬಿನಾರಾಯಣನ ಗುಡಿಯಿಂದ ಕೆರೆಯ ಕಡೆಗೆ ನಡೆದರೆ, ಎರಡು ಬೆಟ್ಟಗಳ ನಡುವೆ ಕಟ್ಟಿದ ಏರಿ, ಅದರಾಚೆಗೆ ಮೋತಿ ತಲಾಬ್ ಎಂಬ ಹೆಸರನ್ನು ತಂದ ತಿಳಿನೀರು. ಆ ದಾರಿಯಲ್ಲಿ ಊರ ನಾಯಿಗಳನ್ನು ಸಾವಧಾನವಾಗಿ ನೋಡಬೇಕು. ಒಂದು ಮಣ್ಣುಬಣ್ಣದ ಹೆಣ್ಣುನಾಯಿ, ಒಂದು ಕಿವಿ ಹರಿದಿರುವುದು, ಏರಿಯ ಮೇಲೆ ಬಿಸಿಲು ಕಾಯುತ್ತ ಮಲಗಿರುತ್ತದೆ. ಗುರುತಿನವರು ಬಂದರೆ ಬಾಲದ ತುದಿಯನ್ನಷ್ಟೇ ಅಲ್ಲಾಡಿಸುತ್ತದೆ; ಅಪರಿಚಿತರು ಹತ್ತಿರವಾದಂತೆ ಮೊದಲು ಕಿವಿ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಮುಖ ಪಕ್ಕಕ್ಕೆ ತಿರುಗುತ್ತದೆ, ಒಂದು ಸಲ ಮೂಗನ್ನು ನೆಕ್ಕಿಕೊಳ್ಳುತ್ತದೆ, ಇನ್ನೂ ಹತ್ತಿರ ಬಂದರೆ ಎದ್ದು ಹತ್ತು ಮಾರು ದೂರ ಹೋಗಿ ಮತ್ತೆ ಮಲಗುತ್ತದೆ. ಅಷ್ಟರಲ್ಲಿ ಎಲ್ಲ ಮುಗಿಯಿತು, ಬೊಗಳಿದ್ದಿಲ್ಲ, ಕಚ್ಚಿದ್ದಿಲ್ಲ.

ಆ ಹತ್ತು ಮಾರು ನೆಲವೇ ನನ್ನ ಮಾತಿನ ಜೀವಾಳ. ಊರ ನಾಯಿಗೆ ಯಾರಿಂದ ಎಷ್ಟು ದೂರವಿರಬೇಕೆಂಬ ಆಯ್ಕೆ ತನ್ನದೇ ಆಗಿದೆ. ಮೂರು ಮನೆಗಳ ಮುದ್ದೆಯ ಚೂರು, ಒಂದು ಅಂಗಡಿಯ ಬನ್ನು, ಜಗಲಿಯ ನೆರಳು ಇವುಗಳ ನಡುವೆ ಅದು ತನ್ನ ಬಾಳನ್ನು ತಾನೇ ಏರ್ಪಡಿಸಿಕೊಂಡಿರುತ್ತದೆ. ಅದೇ ನಾಯಿಯನ್ನು ಹಿಡಿದು ಕೊರಳಿಗೆ ಹಗ್ಗ ಹಾಕಿ, ಬೆಂಗಳೂರಿನ ಏಳನೆಯ ಅಂತಸ್ತಿನ ಮನೆಯೊಳಗೆ ನಿಲ್ಲಿಸಿ, ಅತಿಥಿಗಳೆಲ್ಲರೂ ಒಬ್ಬರಾದ ಮೇಲೊಬ್ಬರು ತಲೆ ಸವರಲು ಬಗ್ಗಿದರೆ, ಹಿಂದೆ ಸರಿಯಲು ಜಾಗವಿಲ್ಲದ ಪ್ರಾಣಿಯು ಉಳಿದಿರುವ ಒಂದೇ ಉಪಾಯವನ್ನು ಹಿಡಿಯುತ್ತದೆ. ಆಗ ಅದಕ್ಕೆ ‘ಕಚ್ಚುವ ನಾಯಿ’ ಎಂಬ ಹೆಸರು ಬರುತ್ತದೆ. ಆ ಹೆಸರನ್ನು ಹೊತ್ತು ಅದು ಆಶ್ರಯಧಾಮಕ್ಕೆ ಹಿಂದಿರುಗುತ್ತದೆ.

ನಮ್ಮ ನಾಡಿನಲ್ಲಿ ಇಂಥ ಧಾಮಗಳು ಹೊಸವಾದರೂ ಹುಸಿಯಾದುವಲ್ಲ. ದೆಹಲಿಯಲ್ಲಿಯೂ ಜಯಪುರದಲ್ಲಿಯೂ ಪ್ರಾಣಿಸೇವೆ ಮಾಡಿದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ತನ್ನ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಆರಂಭಿಸಿದ ‘ಕ್ಯೂಪಾ’ ಸಂಸ್ಥೆಯು ಇಂದಿಗೂ ಗಾಯಗೊಂಡ, ತೊರೆಯಲ್ಪಟ್ಟ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದೆ. ಬೆಂಗಳೂರಿನಲ್ಲಿಯೇ ಮೂರು ಕಾಲಿನ ನಾಯಿಯೊಂದರ ಹೆಸರಿನಲ್ಲಿ ನಡೆಯುವ ‘ಚಾರ್ಲಿ’ ಪ್ರಾಣಿರಕ್ಷಣಾ ಕೇಂದ್ರವಿದೆ. ತೊಣ್ಣೂರಿಗೆ ಹತ್ತಿರದ ಮೈಸೂರಿನಲ್ಲಿ ‘ಪೀಪಲ್ ಫಾರ್ ಅನಿಮಲ್ಸ್’ ಇದೆ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನೋಡಿ ನಾಡಿಗೆ ನಾಡೇ ಕಣ್ಣೊರಸಿಕೊಂಡಿತು. ಅಂಗಡಿಯಲ್ಲಿ ಕೊಂಡ ಜಾತಿನಾಯಿಯು ಬೆಳೆದು ಸೋಫಾ ಕಚ್ಚುವಾಗ ಹೆದ್ದಾರಿಯ ಬದಿಯಲ್ಲಿಯೋ ದೇವಸ್ಥಾನದ ಆವರಣದಲ್ಲಿಯೋ ಇಳಿಸಿ ಹೋಗುವವರು ಮಾತ್ರ ಇನ್ನೂ ಇದ್ದಾರೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದು ಎಷ್ಟು ಮಂದಿಗೆ ತಿಳಿದಿದೆ?

ಈ ವಿಷಯವು ಈಗ ಮೊದಲಿಗಿಂತಲೂ ತುರ್ತಿನದಾಗಿದೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳನ್ನು ಕುರಿತು ಕೊಟ್ಟ ಆದೇಶದಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು ಹೇಳಿ, ಹುಚ್ಚು ತಗಲಿದವನ್ನೂ ಆಕ್ರಮಣಶೀಲವಾದವನ್ನೂ ಅದರಿಂದ ಹೊರತುಪಡಿಸಿತು. ಪ್ರಾಣಿಪ್ರಿಯರು ನಾಯಿಗಳನ್ನು ದತ್ತು ಕೊಳ್ಳಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದೆಂದೂ, ಹಾಗೆ ಕೊಂಡ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದೂ ತಿಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳ ನಾಯಿಗಳನ್ನು ಧಾಮಗಳಿಗೆ ಸಾಗಿಸಬೇಕೆಂಬ ಆದೇಶವೂ ಬಂದಿತು. ಹೀಗಾಗಿ ಗೂಡುಗಳು ತುಂಬುವುದು ನಿಶ್ಚಯ. ಮತ್ತು ತುಂಬುವುವು ಮುದ್ದಿನ ಮರಿಗಳಿಂದಲ್ಲ, ಮನುಷ್ಯಸಹವಾಸವನ್ನು ಅರೆಬರೆ ಬಲ್ಲ, ಬೆದರಿದ, ವಯಸ್ಸಾದ ಪ್ರಾಣಿಗಳಿಂದ.

ಹಾಗಾದರೆ ಆ ಭಯದ ಮೂಲವೇನು? ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ವಿಜ್ಞಾನಿಗಳು ಬಹುವರ್ಷ ನಾಯಿಮರಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಿಂದ ಒಂದು ಸಂಗತಿ ಸ್ಥಿರಪಟ್ಟಿದೆ: ಹುಟ್ಟಿದ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಲೋಕಕ್ಕೆ ತೆರೆದಿರುತ್ತದೆ. ಆ ಅವಧಿಯಲ್ಲಿ ಮನುಷ್ಯನ ಕೈ, ಮಕ್ಕಳ ಗಲಾಟೆ, ವಾಹನದ ಸದ್ದು ಇವೆಲ್ಲ ಸೌಮ್ಯವಾಗಿ ಪರಿಚಯವಾದರೆ ಅವು ಬಾಳಿನ ಸಹಜಭಾಗಗಳಾಗುತ್ತವೆ; ಆಗ ಪರಿಚಯವಾಗದುದು ಆಮೇಲೆ ಭಯಾಸ್ಪದವಾಗಿಯೇ ತೋರುತ್ತದೆ. ಬೆಕ್ಕಿನ ಮರಿಗೆ ಈ ಕಿಟಕಿ ಇನ್ನೂ ಬೇಗ, ಎರಡರಿಂದ ಏಳನೆಯ ವಾರದೊಳಗೇ, ಮುಚ್ಚಿಕೊಳ್ಳುತ್ತದೆ. ಚರಂಡಿಯ ಮೋರಿಯಲ್ಲಿ ಹುಟ್ಟಿ ನಾಲ್ಕು ತಿಂಗಳಾದ ಮೇಲೆ ಮನುಷ್ಯನ ಕೈ ಕಂಡ ಬೆಕ್ಕು ಮೊದಲ ದಿನವೇ ತೊಡೆಯ ಮೇಲೆ ಮಲಗುವುದೆಂದು ನಿರೀಕ್ಷಿಸುವುದು ಅನ್ಯಾಯ.

ಎರಡನೆಯ ಮೂಲ ಪೆಟ್ಟು. ಮಹಾಭಾರತದ ಆದಿಪರ್ವದಲ್ಲಿ, ಪಾಂಡವರ ಕಥೆ ಆರಂಭವಾಗುವುದಕ್ಕೂ ಮೊದಲೇ, ನಾಯಿಯೊಂದರ ದೂರು ಬರುತ್ತದೆ. ಜನಮೇಜಯನ ಯಜ್ಞಶಾಲೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲವೆಂದು ಹೇಳಿಕೊಳ್ಳುತ್ತದೆ. ತಪ್ಪಿಲ್ಲದವನನ್ನು ಹೊಡೆದುದರಿಂದ ಕಾಣದ ಕಡೆಯಿಂದ ಭಯವು ನಿಮ್ಮ ಮೇಲೆ ಬರಲೆಂದು ಸರಮೆ ಶಪಿಸುತ್ತಾಳೆ. ಕುಂತಿಬೆಟ್ಟದ ನೆರಳಿನಲ್ಲಿ, ಪಾಂಡವರ ಹೆಸರು ಹೊತ್ತ ತಾಲ್ಲೂಕಿನಲ್ಲಿ, ಧರ್ಮರಾಯನ ಬೆನ್ನು ಹತ್ತಿ ಸ್ವರ್ಗದ ಬಾಗಿಲಿನವರೆಗೆ ನಡೆದ ನಾಯಿಯ ಕಥೆಯನ್ನು ತಿಳಿಯದವರಿಲ್ಲ. ಏಟು ತಿಂದ ಈ ಮರಿಯ ಕಥೆಯನ್ನೂ ಅದರೊಡನೆ ಹೇಳಬೇಕಾಗಿತ್ತು. ಪೆಟ್ಟು ತಿಂದ ನಾಯಿಯ ಪಾಲಿಗೆ ಭಯವು ನಿಜಕ್ಕೂ ಕಾಣದ ಕಡೆಯಿಂದಲೇ ಬರುತ್ತದೆ: ಎತ್ತಿದ ಪೊರಕೆ, ಬಿಚ್ಚಿದ ಕೊಡೆ, ಬಿದ್ದ ತಟ್ಟೆ, ಒಂದು ಬಗೆಯ ಚಪ್ಪಲಿಯ ಸದ್ದು.

ಮೂರನೆಯದು ದೇಹದ ನೋವು. ಇದನ್ನು ಮರೆಯುವವರು ಬಹಳ. ಕಿವಿಯೊಳಗಿನ ಹುಣ್ಣು, ಹಳೆಯ ಮೂಳೆಮುರಿತ, ಕೊಳೆತ ಹಲ್ಲು ಇವು ಮುಟ್ಟಿದರೆ ಗುರ್ರೆನ್ನುವ ಪ್ರಾಣಿಯನ್ನು ಮಾಡುತ್ತವೆ. ಚಿಕಿತ್ಸೆಯಾದ ಕೂಡಲೇ ಸ್ವಭಾವವೇ ಬದಲಾದಂತೆ ತೋರುತ್ತದೆ. ಆದುದರಿಂದ ನಡತೆಯ ತೊಡಕಿರುವ ಪ್ರಾಣಿಯನ್ನು ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು, ಶಿಕ್ಷಣ ಆಮೇಲೆ.

ನಾಯಿಯ ಬಾಲ ಡೊಂಕೇ ಎಂಬ ಗಾದೆಯನ್ನೂ, ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ನಮ್ಮವರು ಒಂದೇ ಉಸಿರಿನಲ್ಲಿ ಹೇಳುವುದುಂಟು. ಎರಡೂ ನಾಯಿಗೆ ಅಪಾಯಕರ. ಎರಡನೆಯದಂತೂ ಮನುಷ್ಯನಿಗೂ ಅಪಾಯಕರ. ಬೊಗಳುವ, ಗುರುಗುಟ್ಟುವ ನಾಯಿಯು ಕಚ್ಚಬಲ್ಲುದು. ಗುರುಗುಟ್ಟುವುದೆಂದರೆ ಕಚ್ಚುವುದಕ್ಕೆ ಮೊದಲು ಅದು ಕೊಡುವ ಸೌಜನ್ಯದ ಎಚ್ಚರಿಕೆ. ಕಣ್ಣು ತಪ್ಪಿಸುವುದು, ಆಕಳಿಸುವುದು, ತುಟಿ ನೆಕ್ಕುವುದು, ಮೈ ಬಿಗಿಯಾಗಿ ನಿಂತುಬಿಡುವುದು, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುವುದು, ಆಮೇಲೆ ಗುರುಗುಟ್ಟುವುದು, ಹಲ್ಲು ತೋರುವುದು, ಗಾಳಿಗೆ ಕಚ್ಚುವುದು. ಇಷ್ಟು ಮೆಟ್ಟಿಲುಗಳನ್ನು ಹತ್ತಿದ ಮೇಲೆ ಬರುವುದು ನಿಜವಾದ ಕಡಿತ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಹೋಗುತ್ತದೆ. ಸದ್ದಿಲ್ಲದೆ ಕಚ್ಚುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ಹೀಗೆ ಮನುಷ್ಯರೇ ಬಾಯಿ ಕಟ್ಟಿಸಿದವು.

ಇನ್ನು ಬಾಲದ ಡೊಂಕಿನ ಮಾತು. ಭಯವನ್ನು ಬಿಡಿಸಬಹುದೆಂಬುದಕ್ಕೆ ಮೊದಲ ಪ್ರಮಾಣ ದೊರೆತುದು ಮನುಷ್ಯನ ಕೂಸಿನಲ್ಲಿಯೇ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆಯು ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರನೆಂಬ ಪುಟ್ಟ ಬಾಲಕನಿಗೆ ಅವನ ಮೆಚ್ಚಿನ ತಿನಿಸನ್ನು ಕೊಡುತ್ತ, ಪಂಜರದೊಳಗಿನ ಮೊಲವನ್ನು ಮೊದಲು ಕೋಣೆಯ ಆಚೆಯ ತುದಿಯಲ್ಲಿಟ್ಟು, ಅವನು ನೆಮ್ಮದಿಯಿಂದ ತಿನ್ನುವಷ್ಟು ಮಾತ್ರ ದಿನದಿನಕ್ಕೆ ಹತ್ತಿರ ತಂದಳು. ಕಡೆಗೆ ಅವನು ಅದನ್ನು ಮುಟ್ಟಿ ಆಡಿದನು. ಇಂದು ಪ್ರಾಣಿಗಳಿಗೆ ಅನುಸರಿಸುವ ಕ್ರಮದ ತಿರುಳು ಇದೇ. ಭಯಪಡಿಸುವ ವಸ್ತು ಭಯ ಹುಟ್ಟಿಸದಷ್ಟು ದೂರದಲ್ಲಿರಬೇಕು. ಅದು ಕಂಡಾಗಲೆಲ್ಲ ಒಳ್ಳೆಯದೊಂದು ಬಾಯಿಗೆ ಬೀಳಬೇಕು. ಪ್ರಾಣಿಯು ತಿನ್ನುವುದನ್ನು ನಿಲ್ಲಿಸಿದರೆ ಹತ್ತಿರ ತಂದದ್ದು ಹೆಚ್ಚಾಯಿತೆಂದು ತಿಳಿಯಬೇಕು. ಅಮೆರಿಕದ ಎ.ಎಸ್.ಪಿ.ಸಿ.ಎ. ಸಂಸ್ಥೆಯು ಅತಿಯಾಗಿ ಭಯಗೊಂಡ ನಾಯಿಗಳಿಗೆಂದೇ 2013ರಲ್ಲಿ ಆರಂಭಿಸಿ, 2018ರಿಂದ ಉತ್ತರ ಕೆರೊಲಿನಾದಲ್ಲಿ ನಡೆಸುತ್ತಿರುವ ಕೇಂದ್ರದಲ್ಲಿ ನಾನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಈ ಬಗೆಯ ಚಿಕಿತ್ಸೆ ನಡೆಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ನೂರಕ್ಕೆ ಎಂಬತ್ತಕ್ಕೂ ಮಿಕ್ಕವು ಮನೆಗೆ ಹೋಗಬಲ್ಲಷ್ಟು ಚೇತರಿಸಿಕೊಂಡವು. ಅವುಗಳಲ್ಲಿ ಎಷ್ಟೋ ನಾಯಿಗಳು ಮನುಷ್ಯನನ್ನು ಕಂಡರೆ ನೆಲಕ್ಕೊತ್ತಿಕೊಳ್ಳುತ್ತಿದ್ದಂಥವು.

ಇದೆಲ್ಲ ಮನೆಯೊಳಗೆ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ತೊಣ್ಣೂರಿನಿಂದ ದೂರವಲ್ಲದ ಹಳ್ಳಿಯೊಂದರಲ್ಲಿ, ಕಬ್ಬಿನ ಗದ್ದೆಗಳ ಅಂಚಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ಬಂಧುಗಳು ಆಶ್ರಯಧಾಮದಿಂದ ನಡುವಯಸ್ಸಿನ ಒಂದು ಗಂಡುನಾಯಿಯನ್ನು ತಂದರು. ಅದಕ್ಕೆ ಗಂಡಸರ ಭಯ, ಕೋಲಿನ ಭಯ, ಅನ್ನದ ತಟ್ಟೆಯ ಬಳಿ ಯಾರೂ ಸುಳಿಯಬಾರದೆಂಬ ಹಟ. ಮನೆಯ ಯಜಮಾನಿತಿ ಮೊದಲು ಮಾಡಿದ ಕೆಲಸವೆಂದರೆ ಪೊರಕೆಯನ್ನು ಕದದ ಹಿಂದಕ್ಕೆ ಸೇರಿಸಿದುದು. ಕೊಟ್ಟಿಗೆಯ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿ, ಎದುರಿಗೆ ಹುಲ್ಲಿನ ಕಂತೆ ಅಡ್ಡವಿಟ್ಟು, ಅದು ತನ್ನ ಜಾಗ, ಅಲ್ಲಿಗೆ ಮಕ್ಕಳು ಹೋಗಕೂಡದೆಂದು ಕಟ್ಟುಮಾಡಿದರು. ಆಕೆ ಅನ್ನವಿಟ್ಟು ಹಿಂದೆ ಸರಿದು, ಬೆನ್ನು ತಿರುಗಿಸಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಅದು ತಿನ್ನುವಾಗ ಯಾರಾದರೂ ಹಾದುಹೋಗಬೇಕಾದರೆ ದೂರದಿಂದಲೇ ಬೇಯಿಸಿದ ಮೊಟ್ಟೆಯ ಚೂರೊಂದನ್ನು ತಟ್ಟೆಯ ಕಡೆಗೆ ಎಸೆದು ಹೋಗುವುದು ಮನೆಯ ನಿಯಮವಾಯಿತು. ಮನುಷ್ಯನ ಹೆಜ್ಜೆ ಸಪ್ಪಳವಾದರೆ ಅನ್ನ ಹೋಗುವುದಿಲ್ಲ, ಬರುತ್ತದೆ ಎಂಬ ಅರಿವು ಆ ಪ್ರಾಣಿಯಲ್ಲಿ ಮೂಡಿದುದನ್ನು ನಾನು ಕಣ್ಣಾರೆ ಕಂಡೆ: ಮೊದಲು ಸಪ್ಪಳಕ್ಕೆ ಮೈ ಬಿಗಿಹಿಡಿದು ತಟ್ಟೆಯ ಮೇಲೆ ಬಾಗುತ್ತಿದ್ದುದು, ಕೆಲವು ವಾರಗಳಲ್ಲಿ ತಲೆಯೆತ್ತಿ ಬರುವವರ ಕೈಯನ್ನು ನೋಡತೊಡಗಿತು.

ಆಶ್ರಯಧಾಮಗಳವರು ಸಾಮಾನ್ಯವಾಗಿ ಹೇಳುವ ಒಂದು ಲೆಕ್ಕವಿದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ದಿಗ್ಭ್ರಮೆ ಇಳಿಯಲು ಮೊದಲನೆಯದು, ಮನೆಯ ದಿನಚರಿ ತಿಳಿಯಲು ಎರಡನೆಯದು, ಇದು ನನ್ನ ಮನೆಯೆಂಬ ಭಾವ ಬರಲು ಮೂರನೆಯದು. ಇದು ಸ್ಥೂಲವಾದ ಅಂದಾಜೇ ಹೊರತು ಶಾಸ್ತ್ರವಲ್ಲ. ಗಾಸಿಗೊಂಡ ಪ್ರಾಣಿಗೆ ಒಂದು ವರ್ಷವೂ ಹಿಡಿಯಬಹುದು. ಹೆಪ್ಪು ಹಾಕಿದ ಪಾತ್ರೆಯನ್ನು ಘಳಿಗೆಗೊಮ್ಮೆ ಅಲುಗಿಸಿ ನೋಡುವವರಿಗೆ ಮೊಸರು ದಕ್ಕದು. ಬಂದ ಮೊದಲ ವಾರವೇ ನೆಂಟರಿಷ್ಟರನ್ನು ಕರೆದು ತೋರಿಸುವುದು, ಮೀಯಿಸುವುದು, ಪೇಟೆಗೆ ಕರೆದೊಯ್ಯುವುದು, ಮಕ್ಕಳು ಅಪ್ಪಿಕೊಂಡ ಚಿತ್ರ ತೆಗೆಯುವುದು ಇವೆಲ್ಲ ಪ್ರೀತಿಯಿಂದಲೇ ಆಗುವ ಅಪಚಾರಗಳು. ಒಂಟಿಯಾಗಿ ಬಿಟ್ಟರೆ ಗೋಳಿಟ್ಟು ಬಾಗಿಲು ಕೆರೆಯುವ ನಾಯಿಗೂ ಇದೇ ನಿಧಾನ ಬೇಕು. ಅರೆನಿಮಿಷ ಹೊರಗೆ ಹೋಗಿ ಬರುವುದರಿಂದ ಆರಂಭಿಸಿ, ಅದು ಕಂಗೆಡದಷ್ಟು ಮಾತ್ರ ಅವಧಿಯನ್ನು ಹಿಗ್ಗಿಸಬೇಕು. ತೀವ್ರವಾದ ಭೀತಿಗೆ ಪಶುವೈದ್ಯರು ಔಷಧವನ್ನೂ ಕೊಡುತ್ತಾರೆ. ಕೊಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಬೆಕ್ಕಿನ ವಿಷಯವನ್ನು ನಾಯಿಯ ಬಾಲಕ್ಕೆ ಕಟ್ಟಿ ಮುಗಿಸುವುದು ಸರಿಯಲ್ಲ. ಬೆಕ್ಕು ಬೇಟೆಯಾಡುವ ಪ್ರಾಣಿಯಾದಂತೆಯೇ ಬೇಟೆಗೀಡಾಗುವ ಪ್ರಾಣಿಯೂ ಹೌದು. ಅದರ ಮೊದಲ ರಕ್ಷಣೆ ಅವಿತುಕೊಳ್ಳುವುದು. 2014ರಲ್ಲಿ ನೆದರ್ಲೆಂಡಿನ ಆಶ್ರಯಧಾಮವೊಂದರಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅವಿತುಕೊಳ್ಳಲು ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದಾಗ, ಪೆಟ್ಟಿಗೆ ದೊರೆತವು ಬಹುಬೇಗ ಶಾಂತವಾದವು. ಅಂಗಡಿಯ ಒಂದು ರಟ್ಟಿನ ಪೆಟ್ಟಿಗೆ, ಅಷ್ಟೇ. ನಮ್ಮಲ್ಲಿ ಹೊಸ ಬೆಕ್ಕು ಮಂಚದಡಿಗೆ ಹೋದರೆ ಕಾಲು ಹಿಡಿದು ಎಳೆದು ಹೊರತಂದು ಮುದ್ದಿಸುತ್ತೇವೆ. ಒಂದೇ ಕೋಣೆ, ಒಂದು ಪೆಟ್ಟಿಗೆ, ಎತ್ತರದಲ್ಲೊಂದು ಹಲಗೆ, ನೀರು, ಅನ್ನದಿಂದ ದೂರದಲ್ಲಿ ಮಣ್ಣಿನ ತಟ್ಟೆ ಇಷ್ಟನ್ನು ಒದಗಿಸಿ, ಪಕ್ಕದಲ್ಲಿ ಕುಳಿತು ಪುಸ್ತಕವನ್ನು ಮೆಲ್ಲಗೆ ಓದುತ್ತಿದ್ದರೆ ಸಾಕು. ದಿಟ್ಟಿಸಿ ನೋಡಬಾರದು, ಬೆಕ್ಕಿನ ಲೋಕದಲ್ಲಿ ಅದು ಬೆದರಿಕೆ. ಕಣ್ಣನ್ನು ಅರ್ಧ ಮುಚ್ಚಿ ನಿಧಾನವಾಗಿ ತೆರೆಯುವುದು ಸ್ನೇಹದ ಸೂಚನೆಯೆಂದು ಬೆಕ್ಕು ಸಾಕುವವರು ಹೇಳುತ್ತಿದ್ದ ಮಾತನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ನಿಜವೆಂದು ಕಂಡರು. ಹಾಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬಂದವು.

ತಟ್ಟೆ ಬಿಟ್ಟು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಬೆಕ್ಕನ್ನು ಸೇಡಿನ ಪ್ರಾಣಿಯೆಂದು ಬಯ್ದು ಹೊರಹಾಕುವವರಿದ್ದಾರೆ. ಬೆಕ್ಕಿಗೆ ಅಂಥ ಸೇಡಿಲ್ಲ. ಮೂತ್ರಕೋಶದ ಉರಿ, ತಟ್ಟೆಯ ಕೊಳಕು, ಇನ್ನೊಂದು ಬೆಕ್ಕಿನ ಅಡ್ಡಗಾವಲು ಇವೇ ಬಹುಮಟ್ಟಿಗೆ ಕಾರಣ. ಬೆಕ್ಕುಗಳ ಸಂಖ್ಯೆಗಿಂತ ತಟ್ಟೆ ಒಂದು ಹೆಚ್ಚಿರಬೇಕು. ಗಂಡುಬೆಕ್ಕು ಪದೇ ಪದೇ ಕುಳಿತು ಹನಿಯೂ ಬಾರದೆ ಕೂಗಿದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಆಗ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಇಲ್ಲವಾದರೆ ಪ್ರಾಣವೇ ಹೋಗುತ್ತದೆ.

ದತ್ತು ಕೊಳ್ಳುವವರು ಕರುಣೆಯೊಂದನ್ನೇ ನೆಚ್ಚಿ ಹೊರಡಬಾರದು. ಯಾರನ್ನಾದರೂ ಕಚ್ಚಿದೆಯೆ, ಯಾವ ಸಂದರ್ಭದಲ್ಲಿ, ಚರ್ಮ ಸೀಳಿತೆ, ಮಕ್ಕಳೊಡನೆ ಹೇಗೆ, ಕೋಳಿ ಕುರಿಗಳೊಡನೆ ಹೇಗೆ, ಹಿಂದೆ ಯಾವ ಮನೆಯಿಂದ ಏಕೆ ಮರಳಿ ಬಂದಿತು ಎಂದು ಧಾಮದವರನ್ನು ಬಿಚ್ಚಿ ಕೇಳಬೇಕು. ಪ್ರಾಮಾಣಿಕವಾದ ಧಾಮದವರು ಬಿಚ್ಚಿ ಹೇಳುತ್ತಾರೆ. ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ ತಪ್ಪಕೂಡದು. ಆದಾಗ್ಯೂ ಹಲ್ಲು ತಾಗಿದರೆ, ಅಥವಾ ಉಗುರು ಗೀರಿದರೆ, ಅರಿಸಿನವನ್ನೋ ಸುಣ್ಣವನ್ನೋ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲವೆನ್ನುವಷ್ಟು ಭಯಂಕರ ವ್ಯಾಧಿ ಅದು. ಕೆಲವು ಪ್ರಾಣಿಗಳು, ಎಷ್ಟೇ ಶ್ರಮಿಸಿದರೂ, ಪುಟ್ಟ ಮಕ್ಕಳಿರುವ ಮನೆಗೆ ಒಗ್ಗುವುದಿಲ್ಲ. ಅಂಥದನ್ನು ಒಪ್ಪಿಕೊಂಡು ಧಾಮಕ್ಕೆ ಹಿಂದಿರುಗಿಸುವುದು ಬೀದಿಗೆ ಬಿಡುವುದಕ್ಕಿಂತ ಸಾವಿರ ಪಾಲು ಮೇಲು, ಮತ್ತು ಹಾಗೆ ಹಿಂದಿರುಗಿಸಿದವರನ್ನು ಹಳಿಯಬಾರದು.

ಇಷ್ಟನ್ನೂ ಕೂಡಿ ನೋಡಿದಾಗ ನನಗೆ ತೋರುವುದಿದು: ಬೆದರಿದ ಪ್ರಾಣಿಗೆ ಬೇಕಾದ ಎರಡು ಮದ್ದುಗಳು ಅಂತರ ಮತ್ತು ಕಾಲ, ಅವೆರಡೂ ನಗರದಲ್ಲಿ ದುರ್ಲಭ, ಹಳ್ಳಿಯಲ್ಲಿ ಸುಲಭ. ದತ್ತು ಕೊಳ್ಳುವುದು ಬೆಂಗಳೂರಿನ ಓದಿದವರ ವ್ಯವಹಾರವೆಂಬ ಭಾವನೆ ಹೇಗೋ ಬೆಳೆದುಬಿಟ್ಟಿದೆ. ಆದರೆ ಲಿಫ್ಟಿನೊಳಗೆ ಅಪರಿಚಿತರ ಮೊಣಕಾಲಿಗೆ ಮೂಗು ತಾಗಿಸಿ ನಿಲ್ಲಲಾರದ ನಾಯಿಯು ತೊಣ್ಣೂರಿನಂಥ ಊರಿನ ಹಿತ್ತಲಿನಲ್ಲಿ, ದಿನಕ್ಕೆ ಅದೇ ನಾಲ್ಕು ಮುಖಗಳನ್ನು ಕಾಣುತ್ತ, ಬೇಕೆನಿಸಿದಾಗ ಹತ್ತಿರ ಬಂದು ಬೇಡವೆನಿಸಿದಾಗ ತೆಂಗಿನ ಬುಡಕ್ಕೆ ಹೋಗುತ್ತ ಬದುಕಬಲ್ಲುದು. ಬೆಕ್ಕಿಗಂತೂ ಅಟ್ಟ, ಕಣಜ, ಹುಲ್ಲಿನ ಬಣವೆಗಳಿಗಿಂತ ಮಿಗಿಲಾದ ಅಡಗುದಾಣ ಇನ್ನೆಲ್ಲಿದೆ? ಇಲಿಗಳ ಕಾಟವಿರುವ ರೈತನಿಗೆ, ತೊಡೆಯೇರದಿದ್ದರೂ ಕಣದಲ್ಲಿ ದುಡಿಯುವ ಬೆಕ್ಕು ಪ್ರಯೋಜನವಿಲ್ಲದ ಪ್ರಾಣಿಯಲ್ಲ.

ಹಳ್ಳಿಗೂ ತನ್ನವೇ ಆದ ಅಪಾಯಗಳಿವೆ. ಈ ಸೀಮೆಯ ಕಬ್ಬಿನ ಗದ್ದೆಗಳಲ್ಲಿಯೂ ಬೆಟ್ಟಗಳ ತಪ್ಪಲಿನಲ್ಲಿಯೂ ಚಿರತೆಗಳ ಸಂಚಾರವಿದೆ. ನಾಯಿ ಅವುಗಳಿಗೆ ಸುಲಭದ ಆಹಾರ. ಆದುದರಿಂದ ಕತ್ತಲಾದ ಮೇಲೆ ನಾಯಿಯು ಬಾಗಿಲಿರುವ ಕೊಟ್ಟಿಗೆಯೊಳಗೋ ಮನೆಯೊಳಗೋ ಇರಬೇಕೇ ಹೊರತು, ಅಂಗಳದಲ್ಲಿ ಸರಪಳಿ ಬಿಗಿಸಿಕೊಂಡಿರಬಾರದು. ಸರಪಳಿ ಬಿಗಿದ ನಾಯಿಗೆ ಓಡುವ ದಾರಿಯೂ ಇಲ್ಲ. ಹಗಲೆಲ್ಲ ಕಟ್ಟಿಹಾಕಿದರೆ ಭಯಸ್ಥ ಪ್ರಾಣಿ ಇನ್ನಷ್ಟು ಉಗ್ರವಾಗುತ್ತದೆ. ಇಲಿಪಾಷಾಣ, ಗದ್ದೆಗೆ ಹೊಡೆದ ಔಷಧದ ಡಬ್ಬಿ, ಕಟ್ಟೆಯಿಲ್ಲದ ಬಾವಿ ಇವುಗಳ ಮೇಲೆ ಕಣ್ಣಿರಬೇಕು. ದೀಪಾವಳಿಯ ಪಟಾಕಿಗೂ, ಮೇಲುಕೋಟೆಯ ವೈರಮುಡಿಯ ಜನಸಂದಣಿಗೂ ಮೊದಲೇ ಒಳಗಿನ ಕೋಣೆಯೊಂದನ್ನು ಅಣಿಮಾಡಿಡಬೇಕು. ಬೆದರಿ ಓಡಿದ ನಾಯಿ ಎಷ್ಟೋ ಹರಿದಾರಿ ಹೋಗಿಬಿಡುತ್ತದೆ.

ನನ್ನ ಬಂಧುಗಳ ಮನೆಯ ಆ ನಾಯಿಯು ಈಗಲೂ ಅಪರಿಚಿತ ಗಂಡಸರು ಬಂದರೆ ಹುಲ್ಲಿನ ಕಂತೆಯ ಹಿಂದಕ್ಕೆ ಹೋಗುತ್ತದೆ. ಯಾರೂ ಕರೆಯುವುದಿಲ್ಲ, ಬಂದವರಿಗೂ ಕರೆಯಬೇಡಿರೆಂದು ಹೇಳುತ್ತಾರೆ. ಅದು ಕಾವಲುನಾಯಿಯಾಗಲಿಲ್ಲ, ಮುದ್ದಿನ ನಾಯಿಯೂ ಆಗಲಿಲ್ಲ. ಮನೆಯ ಮಗಳು ಸಂಜೆ ಬಸ್ಸಿನಿಂದಿಳಿದು ಬರುವ ಹೊತ್ತಿಗೆ ಗದ್ದೆಯ ಬದುವಿನವರೆಗೆ ಹೋಗಿ ನಿಲ್ಲುವುದನ್ನು ಮಾತ್ರ ತಾನೇ ಕಲಿತುಕೊಂಡಿತು. ಅಷ್ಟಕ್ಕೇ ಸಂತೋಷಪಡಬಲ್ಲ ಮನೆಗಳು ಈ ಪ್ರಾಣಿಗಳಿಗೆ ಬೇಕಾಗಿವೆ.

ಅಂಥ ಮನೆಗಳನ್ನು ಹುಡುಕುವ ಕೆಲಸವನ್ನು ಧಾಮಗಳಿಗೇ ಬಿಟ್ಟರೆ ಆಗದು. ತಾಲ್ಲೂಕಿನ ಪಶುವೈದ್ಯರಿಗೆ ಯಾವ ಹಳ್ಳಿಯ ಯಾವ ಮನೆಯವರು ಪ್ರಾಣಿಗಳೊಡನೆ ಸಮಾಧಾನದಿಂದ ನಡೆದುಕೊಳ್ಳುತ್ತಾರೆಂಬುದು ಚೆನ್ನಾಗಿ ಗೊತ್ತು. ಹಸುವಿನ ಕೆಚ್ಚಲು ನೋಡಲು ಹೋದಾಗ ಎಲ್ಲವೂ ಕಂಡಿರುತ್ತದೆ. ಅವರ ಮಾತನ್ನು ಕೇಳಿ, ಪಂಚಾಯಿತಿಯವರೂ ಹೈಸ್ಕೂಲಿನ ಮೇಷ್ಟರುಗಳೂ ಕೂಡಿ ಹೆಸರುಗಳ ಪಟ್ಟಿಯೊಂದನ್ನು ಮಾಡಿ ಧಾಮಗಳಿಗೆ ಕಳುಹಿಸಬಹುದು. ಮೊದಲು ಒಂದೆರಡು ತಿಂಗಳು ಪೋಷಣೆಗೆಂದು ಪಡೆದು, ಒಗ್ಗಿದರೆ ದತ್ತು ಕೊಳ್ಳುವ ಪದ್ಧತಿಯನ್ನು ಎಷ್ಟೋ ಧಾಮಗಳು ಒಪ್ಪುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹೋಬಳಿಗೆ ಎರಡು ಮನೆಗಳು ಮುಂದೆ ಬಂದರೂ ಮೈಸೂರಿನ, ಬೆಂಗಳೂರಿನ ಧಾಮಗಳಲ್ಲಿ ಅಷ್ಟು ಗೂಡುಗಳು ತೆರವಾಗಿ, ರಸ್ತೆಯಲ್ಲಿ ಗಾಯಗೊಂಡು ಬಿದ್ದಿರುವ ಪ್ರಾಣಿಗಳನ್ನು ಒಳಗೆ ಕರೆದುಕೊಳ್ಳಲು ಜಾಗವಾಗುತ್ತದೆ.